ಓದಿ ಹೇಳದ ಚೀಟಿ

ಪ್ಲಾಸ್ಟಿಕ್ ಕವರು ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಒಳಗಿದ್ದದ್ದು ಸನ್ಮಾನದ ಶಾಲು. ಕೆಂಪು ಬಣ್ಣ, ಮಿಂಚುವ ಜರಿಯಂಚು, ಹೊದ್ದರೆ ಚಳಿ ನಿಲ್ಲದ, ಹಾಸಿದರೆ ಮೈಗೆ ಚುಚ್ಚುವ, ನಮ್ಮ ದಾವಣಗೆರೆಯ ಸಭೆಗಳಲ್ಲಿ ವಾರಕ್ಕೆ ಹತ್ತು ಜನರ ಹೆಗಲೇರುವ ಅದೇ ಶಾಲು. ನನ್ನ ಬೀರುವಿನಲ್ಲೂ ಅಂಥವು ಒಂದು ರಾಶಿ ಬಿದ್ದಿವೆ. ಆದರೆ ಇದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳು ಹರಿಹರದ ಅಮ್ಮನ ತಂಗಿಯ ಮಗಳು. ಸರಸ್ವತಿ ನಗರದಲ್ಲಿ ನಾಲ್ಕು ಕಡೆ ವಿಚಾರಿಸಿಕೊಂಡು ನನ್ನ ಮನೆಗೆ ಬಂದಿದ್ದಳು.

“ಆ ಮನಿ ಬಿಡ್ತಾ ಇದೀವ್ರಿ ಮೇಷ್ಟ್ರೇ. ದೊಡ್ಡಮ್ಮನ ಟ್ರಂಕಿನಾಗ ಇದು ಇತ್ತು. ನಿಮಗೇ ಕೊಡಬೇಕು ಅಂತ ಹೇಳಿದ್ಲು” ಎಂದಳು.

ಹನ್ನೆರಡು ವರ್ಷದ ಸಿಟ್ಟು ಒಮ್ಮೆಗೇ ಮೈಗೆ ಹತ್ತಿತು. ಅದು ಯಾರ್‍ಯಾರ ಮೇಲೋ ಇರುವ ಸಿಟ್ಟು ಎಂದು ನಾನು ಇಷ್ಟು ದಿನ ನಂಬಿಕೊಂಡು ಬಂದಿದ್ದೆ.

ನನ್ನನ್ನು ಹೆತ್ತವರಲ್ಲ, ಆದರೂ ಹರಿಹರದ ಅಮ್ಮ ಎಂದೇ ನಾನು ಅವರನ್ನು ಕರೆಯುತ್ತಿದ್ದುದು. ಚಿಕ್ಕ ವಯಸ್ಸಿಗೇ ನಾಟಕ ಕಂಪನಿ ಸೇರಿ, ಊರೂರಿನ ತಗಡಿನ ಥಿಯೇಟರುಗಳಲ್ಲಿ ಹಾಡಿ, ಕಂಪನಿ ಮುಚ್ಚಿದ ಮೇಲೆ ಹರಿಹರದಲ್ಲಿ ಹೊಳೆಗೆ ಹೋಗುವ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದರು. ನಾನು ಆಗ ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅದೇ ಓಣಿಯಲ್ಲಿ ನನ್ನ ಬಾಡಿಗೆ ರೂಮು. ಸಂಜೆ ಶಾಲೆ ಬಿಟ್ಟ ಮೇಲೆ ಅವರ ಕಟ್ಟೆಯ ಮೇಲೆ ಕೂತು ಪೇಪರು ಓದುವುದು ರೂಢಿಯಾಯಿತು. “ಕನ್ನಡಕದ ನಂಬರ್ ಬದಲಾಗೈತ್ರಿ, ನೀವೇ ಗಟ್ಟಿಯಾಗಿ ಓದಿ ಹೇಳ್ರಿ” ಅನ್ನುತ್ತಿದ್ದರು. ನಾನು ಓದುತ್ತಿದ್ದೆ. ಆ ಕನ್ನಡಕದ ನಂಬರು ವರ್ಷಗಟ್ಟಲೆ ಬದಲಾಗುತ್ತಲೇ ಇತ್ತು.

ಮೊದಲ ಸಲ ಅವರು ಹಾಡಿದ್ದು ಕೇಳಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ಕಂಪನಿಯಲ್ಲಿ ನಿಮಗೆ ಹೆಸರು ತಂದ ಪಾತ್ರ ಯಾವುದು ಎಂದು ಕೇಳಿದೆ. ಒಬ್ಬ ಸಿಪಾಯಿಯ ತಾಯಿ, ಯುದ್ಧದಿಂದ ಓಲೆ ಬರುತ್ತದೆ, ಆಕೆಗೆ ಅಕ್ಷರ ಬಾರದು, ತಂದವನನ್ನೇ ಓದಿ ಹೇಳು ಎಂದು ಬೇಡುತ್ತಾಳೆ, ಅವನು ಬಾಯಿ ಬಿಡುವುದಿಲ್ಲ... ಇಷ್ಟು ಹೇಳಿದವರು ಸೌಟು ಹಿಡಿದ ಕೈಯನ್ನು ಹಾಗೇ ನನ್ನ ಕಡೆ ಚಾಚಿ ಹಾಡು ಎತ್ತಿಕೊಂಡರು: “ಓದಿ ಹೇಳೋ ಅಣ್ಣಾ, ಓಲೆಯಾಗ ಏನೈತೋ, ಅಕ್ಷರ ಅರಿಯದ ಕಣ್ಣಿಗೆ ಎಲ್ಲಾ ಬರೀ ಕಪ್ಪೋ...”

ಮೈಕಿಲ್ಲದ ಕಾಲದಲ್ಲಿ ಕೊನೆಯ ಬೆಂಚಿಗೆ ಮುಟ್ಟಿಸಿದ ಗಂಟಲು ಅದು. ಮೇಲಕ್ಕೆ ಹೋದರೆ ಹೆಂಚು ನಡುಗುತ್ತಿತ್ತು ಎಂದರೆ ನೀವು ನಗಬಹುದು, ನಕ್ಕುಬಿಡಿ. ನಾನು ಬೆರಗಾದದ್ದು ಅದಕ್ಕಲ್ಲ. ಆ ಎತ್ತರದಲ್ಲಿ ನಿಂತು, ಎಲ್ಲರೂ ಚಪ್ಪಾಳೆಗೆ ಕೈ ಎತ್ತುವ ಹೊತ್ತಿಗೆ, ಅವರು ದನಿಯನ್ನು ಸರ್ರನೆ ಇಳಿಸಿ ಪಕ್ಕದಲ್ಲಿ ನಿಂತವನಿಗೆ ಮಾತ್ರ ಕೇಳುವ ಹಾಗೆ “ಏನೈತೋ” ಅನ್ನುತ್ತಿದ್ದರು. ಬಣ್ಣವಿಲ್ಲ, ಪರದೆಯಿಲ್ಲ, ಉಟ್ಟದ್ದು ಮಾಸಿದ ನೂಲಿನ ಸೀರೆ. ಆದರೂ ನನ್ನೆದುರು ನಿಂತಿದ್ದವಳು ಆ ತಾಯಿಯೇ. ಒಗ್ಗರಣೆ ಸೀದು ಕರಿಯಾಯಿತು, ಇಬ್ಬರಿಗೂ ಗೊತ್ತಾಗಲಿಲ್ಲ.

“ಪಾತ್ರ ಅತ್ರೆ ಜನ ಅಳೋದಿಲ್ರಿ ಮೇಷ್ಟ್ರೇ. ಪಾತ್ರ ತಡ್ಕೊಂಡ್ರೆ ಅಳ್ತಾರೆ” ಎಂದು ಬಾಣಲೆ ಕೆಳಗಿಳಿಸಿದರು.

ಆ ದೃಶ್ಯಕ್ಕೆ ಒಂದು ಕೊನೆಯ ಹಾಡಿತ್ತಂತೆ. ಓಲೆ ತಂದವನ ಮೌನದಿಂದಲೇ ತಾಯಿಗೆ ಸುದ್ದಿ ತಿಳಿದ ಮೇಲೆ ಹಾಡುವ ಹಾಡು. ಅದನ್ನು ಅವರು ಪೂರ್ತಿಯಾಗಿ, ದೃಶ್ಯದ ಜೊತೆಗೆ, ಒಮ್ಮೆಯೂ ಹಾಡಿರಲಿಲ್ಲ. ಯಾಕೆಂದರೆ ಓಲೆಯ ಹಾಡು ಮುಗಿಯುತ್ತಿದ್ದಂತೆ ಜನ “ವನ್ಸ್ ಮೋರ್” ಎಂದು ಕೂಗುತ್ತಿದ್ದರು. ಮಾಲೀಕರು ಪಕ್ಕದಿಂದ ಕೈಸನ್ನೆ ಮಾಡುತ್ತಿದ್ದರು. ಮಗ ಸತ್ತದ್ದು ಆಗತಾನೇ ತಿಳಿದ ತಾಯಿ ಎದ್ದು ಸೆರಗು ಸರಿಮಾಡಿಕೊಂಡು, ಓಲೆಯನ್ನು ವಾಪಸು ಕೊಟ್ಟು, ಮತ್ತೆ ಇಸಿದುಕೊಳ್ಳಬೇಕು! ಒಂದಲ್ಲ, ಮೂರು ಮೂರು ಸಲ. ಹೊತ್ತಾಯಿತೆಂದು ಕೊನೆಯ ಹಾಡಿಗೆ ಕತ್ತರಿ. ನನಗೆ ಹಾಡಿ ತೋರಿಸಿ ಎಂದರೆ ಒಪ್ಪುತ್ತಿರಲಿಲ್ಲ. “ಅದು ಸುಮ್ನೆ ಕುಂತು ಹಾಡೋದಲ್ರಿ. ಮೊದ್ಲಿಂದ ನಡಕೊಂಡು ಬಂದ್ರೇ ಬಾಯಿಗೆ ಬರ್ತೈತೆ” ಅನ್ನುತ್ತಿದ್ದರು.

ನನಗೆ ದಾವಣಗೆರೆಗೆ ವರ್ಗವಾಯಿತು. ನಿವೃತ್ತಿ ಹತ್ತಿರವಾದ ಹಾಗೆ ನನಗೊಂದು ಹೊಸ ಹುಚ್ಚು ಹಿಡಿಯಿತು. ನಿರೂಪಣೆಯ ಹುಚ್ಚು. ಊರಿನ ಯಾವ ಸಭೆಯಾದರೂ ಮೈಕಿನ ಮುಂದೆ ನಾನೇ. ಹಾಗಿರುವಾಗ ಒಂದು ಸಂಘದ ಅಧ್ಯಕ್ಷರು ನಿಜಲಿಂಗಪ್ಪ ಬಡಾವಣೆಯ ತಮ್ಮ ಮನೆಗೆ ಕರೆಸಿದರು. ಊರಂಚಿನ ಕರೂರಿನ ಕಡೆ ಫ್ಯಾಕ್ಟರಿ ಇಟ್ಟವರು, ಕಲೆಯ ಬಗ್ಗೆ ಭಾಳ ಪ್ರೀತಿ ಎಂದು ತಾವೇ ಹೇಳಿಕೊಳ್ಳುತ್ತಿದ್ದರು.

“ಈ ಸಲ ಹಳೇ ಕಲಾವಿದೆ ಒಬ್ರಿಗೆ ಸನ್ಮಾನ ಮಾಡೋಣ್ರಿ ಸರ್. ಪೇಪರ್‌ನಾಗ ಚೆನ್ನಾಗಿ ಬರ್ತೈತೆ” ಎಂದರು.

ನಾನು ಅಮ್ಮನ ಹೆಸರು ಹೇಳಿದೆ. ಹೇಳಲು ಹರಿಹರಕ್ಕೆ ಹೋದರೆ ಅಮ್ಮ ಶಾಲಿನ ಮಾತನ್ನು ಅರ್ಧಕ್ಕೇ ತಡೆದರು.

“ಶಾಲು ಬ್ಯಾಡ್ರಿ, ಹಾರ ಬ್ಯಾಡ. ನಲವತ್ತು ನಿಮಿಷ ಕೊಡಿಸ್ರಿ. ಓಲೆ ಬರೋದ್ರಿಂದ ಹಿಡಿದು ಕೊನೇ ಹಾಡಿನ ತನಕ ಯಾರೂ ನಡುವೆ ಬರಬಾರ್ದು. ಒಂದೇ ಒಂದ್ಸಲ. ಈ ಗಂಟಲು ಮುಂದಿನ ವರ್ಷಕ್ಕೆ ನಿಲ್ಲೋದಿಲ್ಲ.”

“ಕೊಟ್ಟೆ ಅಮ್ಮಾ. ಒಂದು ನಿಮಿಷ ಕಮ್ಮಿ ಆಗಲ್ಲ” ಎಂದೆ. ಎದೆ ಮುಟ್ಟಿಕೊಂಡು ಹೇಳಿದ್ದೆ, ಈಗ ನೆನೆದರೆ ಆ ಕೈಯನ್ನು ಕತ್ತರಿಸಿ ಹಾಕಬೇಕು ಅನ್ನಿಸುತ್ತದೆ.

ಐದಕ್ಕೆ ಎಂದು ಅಚ್ಚು ಹಾಕಿಸಿದ ಸಭೆ ಆರೂವರೆಗೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ಸ್ವಾಗತಿಸಿದವರಿಗೆ ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಪ್ರಾಸ್ತಾವಿಕ ನುಡಿಯಾಡಿದವರನ್ನು ಹೊಗಳುವ ಇನ್ನೊಂದು ನುಡಿ. ಕನ್ನಡ ನಾಡಿನಲ್ಲಿ ಒಬ್ಬ ಕಲಾವಿದನನ್ನು ಕೊಲ್ಲಲು ವಿಷ ಬೇಕಾಗಿಲ್ಲ, ವೇದಿಕೆಯ ಮೇಲೆ ಕುರ್ಚಿ ಹಾಕಿ ಎರಡು ಗಂಟೆ ಕೂರಿಸಿದರೆ ಸಾಕು. ಅಮ್ಮ ಕೂತಿದ್ದರು. ಒಂದು ಗುಟುಕು ನೀರು ಕುಡಿಯಲಿಲ್ಲ. ಪಕ್ಕದಲ್ಲಿ ಅವರ ಕಂಪನಿ ಕಾಲದ ಹಾರ್ಮೋನಿಯಂನವರು, ನಾವೆಲ್ಲ ಪೇಟಿ ಸಾಹೇಬರು ಅನ್ನುತ್ತಿದ್ದ ಹಿರಿಯರು, ಪೆಟ್ಟಿಗೆಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು.

ಮುಖ್ಯ ಅತಿಥಿ ಬಂದಿರಲಿಲ್ಲ. ಅಧ್ಯಕ್ಷರು ನನ್ನ ಕಿವಿಗೆ ಬಗ್ಗಿ, “ಗೆಸ್ಟ್ ಬರೋ ತನಕ ಆ ಅಮ್ಮನ ಕೈಲಿ ಹಾಡಿಸ್ರಿ, ಜನ ಎದ್ದು ಹೋಗ್ತಾರೆ” ಎಂದರು. ಅಂದರೆ ಅಮ್ಮನ ಇಡೀ ಬದುಕಿನ ಹಾಡು ಸಭೆಯ ತೂತು ಮುಚ್ಚುವ ತುಂಡು ಬಟ್ಟೆ. ಆಗಲೇ ಅವರ ಮುಖದ ಮೇಲೆ ಹೇಳಬೇಕಿತ್ತು. ಹೇಳಲಿಲ್ಲ. ಹಲ್ಲು ಬಿಟ್ಟುಕೊಂಡು ಮೈಕಿನ ಮುಂದೆ ಹೋಗಿ “ಈಗ ನಮ್ಮೆಲ್ಲರ ಹೆಮ್ಮೆಯ...” ಎಂದು ಶುರು ಮಾಡಿದೆ.

ಅಮ್ಮ ಎದ್ದು ಬಂದು ಮೈಕನ್ನು ಒಂದು ಮೊಳ ದೂರ ಸರಿಸಿದರು. ಕಣ್ಣು ಮುಚ್ಚಲಿಲ್ಲ, ಕೆಮ್ಮಲಿಲ್ಲ, ನಾಲ್ಕು ಮಾತು ಆಡಲಿಲ್ಲ. ಸುಮ್ಮನೆ ಬಾಗಿಲ ಕಡೆ ನೋಡಿದರು. ಇಡೀ ಸಭೆ ತಿರುಗಿ ಬಾಗಿಲ ಕಡೆ ನೋಡಿತು! ಯಾರೋ ಬರುತ್ತಿದ್ದಾರೆ ಎಂದು ಎಲ್ಲರಿಗೂ ಅನ್ನಿಸಿತು. ಆಮೇಲೆ ಹಾಡು. ಮಗ ಚಿಕ್ಕವನಿದ್ದಾಗ ಎಡಗಾಲು ಮುಂದಿಟ್ಟು ನಡೆಯುತ್ತಿದ್ದನೆಂಬ ಸಾಲಿಗೆ ಅವರ ದನಿ ನಕ್ಕಿತು, ಮುಖ ನಗಲಿಲ್ಲ. ಹೊರಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದವರು ಪೊಟ್ಟಣ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಎಪ್ಪತ್ತು ದಾಟಿದ ಹೆಂಗಸು ಬರಿಗೈಯಲ್ಲಿ ನಿಂತು ಒಂದು ಊರನ್ನೇ ಹೀಗೆ ಹಿಡಿದಿಡುವುದನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಹದಿನೈದು ನಿಮಿಷ ಆಗಿತ್ತೇನೋ... ಹೊರಗೆ ಕಾರುಗಳು ನಿಂತವು. ಅಧ್ಯಕ್ಷರು ನನ್ನ ಮೊಣಕೈ ಹಿಂಡಿದರು. “ಚೀಟಿ ಕಳಿಸ್ರಿ ಸರ್, ಮುಗಿಸಾಕ ಹೇಳ್ರಿ.”

ನಾನು ಬರೆದೆ. ಕಾರ್ಯಕ್ರಮದ ಪಟ್ಟಿಯ ತುದಿ ಹರಿದು ಬರೆದೆ. ಯಾರ ಕೈಲೂ ಕಳಿಸದೆ ನಾನೇ ಹೋಗಿ, ಹಾಡುತ್ತಿದ್ದ ಅಮ್ಮನ ಕೈಯಲ್ಲಿ ಇಟ್ಟೆ.

ಅಮ್ಮ ಹಾಡು ನಿಲ್ಲಿಸಲಿಲ್ಲ. ಚೀಟಿಯನ್ನು ನೋಡಿದರು. ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದರು. ಆಮೇಲೆ ಎರಡೂ ಕೈಯಲ್ಲಿ ಅದನ್ನು ನನ್ನ ಕಡೆಗೇ ಚಾಚಿ, ಎದೆ ಒಡೆಯುವ ಎತ್ತರದಲ್ಲಿ ಎತ್ತಿಕೊಂಡರು: “ಓದಿ ಹೇಳೋ ಅಣ್ಣಾ, ಓಲೆಯಾಗ ಏನೈತೋ...”

ನಾನು ಬರೆದದ್ದನ್ನು ಅಷ್ಟು ಜನರ ಮುಂದೆ ನಾನು ಹೇಗೆ ಓದಲಿ? ತಲೆ ತಗ್ಗಿಸಿ ನಿಂತೆ. ಅಮ್ಮ ಒಂದು ಹೆಜ್ಜೆ ಹತ್ತಿರ ಬಂದರು. ದನಿ ಇಳಿಸಿ, ನನಗೆ ಮಾತ್ರ ಕೇಳುವ ಹಾಗೆ, “ಏನೈತೋ...” ಎಂದರು. ನಾನು ಬಾಯಿ ಬಿಡಲಿಲ್ಲ. ಅವರು ನನ್ನ ಮುಖವನ್ನು ನೋಡುತ್ತಲೇ ಇದ್ದರು. ನೋಡುತ್ತ ನೋಡುತ್ತ ಅವರ ಕೈ ಕೆಳಗಿಳಿಯಿತು. ಸಭೆಯಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು.

ಕೊನೆಯ ಹಾಡಿಗೆ ಅವರು ಉಸಿರು ತೆಗೆದುಕೊಂಡದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಡೊಳ್ಳಿನ ಪೆಟ್ಟು ಬಿತ್ತು. ಮುಖ್ಯ ಅತಿಥಿಗಳು ಕೈ ಮುಗಿಯುತ್ತಾ ಬಂದರು, ಜನ ದಡಬಡನೆ ಎದ್ದರು, ಯಾರೋ ಹಿಂದಿನಿಂದ “ವನ್ಸ್ ಮೋರ್” ಎಂದು ಕಿರುಚಿದ. ಪೇಟಿ ಸಾಹೇಬರು ಪೆಟ್ಟಿಗೆಯನ್ನು ಠಪ್ಪೆಂದು ಮುಚ್ಚಿದರು. ಅಮ್ಮ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು.

ಆಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅಮ್ಮನ ಒಂದು ಸ್ವರವನ್ನೂ ಕೇಳದ ಅತಿಥಿ ಅವರ ಕಂಚಿನ ಕಂಠದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ನನಗೂ ಬೆನ್ನು ತಟ್ಟುವವರೇ ತಟ್ಟುವವರು. “ಏನ್ ಆ್ಯಕ್ಟಿಂಗ್ ಸರ್ ನಿಮ್ದು! ರಿಹರ್ಸಲ್ ಮಾಡಿದ್ರೇನ್ರಿ?” ನಾಚಿಕೆಗೆಟ್ಟ ನಾನು ನಕ್ಕೆ.

ಹರಿಹರಕ್ಕೆ ಹೋಗುವ ಕಾರು ಹತ್ತಿಸುವಾಗ ಅಮ್ಮ ನನ್ನ ಕೈ ಹಿಡಿದುಕೊಂಡರು. “ಮೇಷ್ಟ್ರೇ, ಓದಿ ಹೇಳ್ಲಿಲ್ಲ ನೀವು” ಎಂದರು. ಪಾತ್ರದ ಮಾತನ್ನೇ ತಮಾಷೆಗೆ ಆಡುತ್ತಿದ್ದಾರೆ ಎಂದು ನಾನು ಅದಕ್ಕೂ ನಕ್ಕೆ.

ಮತ್ತೆ ನಾನು ಹರಿಹರದ ಕಡೆ ತಲೆ ಹಾಕಲಿಲ್ಲ. ಮುಂದಿನ ವರ್ಷ ಅವರು ಹೋದ ಸುದ್ದಿ ಪೇಪರಿನಲ್ಲಿ ಓದಿದೆ. ಅವತ್ತು ನನಗೆ ಬೇರೊಂದು ಸಭೆಯ ನಿರೂಪಣೆ ಇತ್ತು... ಮಣ್ಣಿಗೆ ಹೋಗಲಿಲ್ಲ. ಆ ಸಮಾರಂಭದ ವಿಡಿಯೋ ಇದೆಯಲ್ಲ ಎಂದು ಅಧ್ಯಕ್ಷರ ಮನೆಯಿಂದ ಸಿಡಿ ತರಿಸಿಕೊಂಡು ನೋಡಿದೆ. ಭಾಷಣಗಳೆಲ್ಲ ಅಕ್ಷರ ಬಿಡದೆ ಇವೆ. ಅಮ್ಮ ಹಾಡುವ ಕಡೆ ವಿಡಿಯೋದವನು ಚೆಂದ ಕಾಣಲಿ ಎಂದು ಮದುವೆ ಮನೆಯ ಶಹನಾಯಿ ಕೂಡಿಸಿದ್ದಾನೆ. ಅಮ್ಮನ ಬಾಯಿ ಆಡುತ್ತದೆ, ಶಹನಾಯಿ ಕೇಳುತ್ತದೆ. ಚೀಟಿಯ ಹೊತ್ತಿಗೆ ಕ್ಯಾಮೆರಾ ಬಾಗಿಲಿಗೆ ತಿರುಗಿ ಅತಿಥಿಯ ಹಾರವನ್ನು ತೋರಿಸುತ್ತದೆ. ಆ ದಿನ ರಿಮೋಟು ಗೋಡೆಗೆ ಬಡಿದು ಎರಡು ತುಂಡಾಯಿತು. ಅಧ್ಯಕ್ಷರನ್ನು, ಅತಿಥಿಯನ್ನು, ವಿಡಿಯೋದವನನ್ನು ಸಾಲಾಗಿ ಬೈದೆ. ಹನ್ನೆರಡು ವರ್ಷ ಬೈಯುತ್ತಲೇ ಬಂದೆ.

ಮೊನ್ನೆ ಆ ಶಾಲನ್ನು ಕೊಡವಿದಾಗ ಮಡಿಕೆಯೊಳಗಿಂದ ಚೀಟಿ ನೆಲಕ್ಕೆ ಬಿತ್ತು. ತಂಗಿಯ ಮಗಳು ಚಹಾ ಲೋಟ ಕೆಳಗಿಟ್ಟು ಅದನ್ನು ಎತ್ತಿಕೊಟ್ಟಳು.

“ಇದರಾಗ ಏನೈತೆ ಅಂತ ಭಾಳ ಸಲ ಕೇಳಿದೆ ರೀ. ಓದಿ ಹೇಳ್ತೀನಿ ಕೊಡು ಅಂದ್ರೂ ಕೊಡ್ಲಿಲ್ಲ. ಮೇಷ್ಟ್ರು ಬರ್ತಾರೆ, ಬರೆದೋರೇ ಓದಿ ಹೇಳ್ಬೇಕು ಅಂತಿದ್ಲು.”

“ಅವರೇ ಓದಿಕೊಂಡಿರಲಿಲ್ಲವೇನಮ್ಮಾ?” ಎಂದೆ.

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. “ದೊಡ್ಡಮ್ಮಗೆ ಓದಾಕ ಎಲ್ಲಿ ಬರ್ತಿತ್ರೀ? ಪಾರ್ಟೆಲ್ಲ ಪೇಟಿ ಸಾಹೇಬ್ರು ಬಾಯಾಗ ಹೇಳಿಕೊಟ್ಟಿದ್ದು. ನಿಮಗ ಗೊತ್ತಿರ್ಲಿಲ್ಲೇನು?”

ಗೊತ್ತಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವನಿಗೆ, ಆರು ವರ್ಷ ಆ ಕಟ್ಟೆಯ ಮೇಲೆ ಪೇಪರು ಓದಿದವನಿಗೆ ಗೊತ್ತಾಗಲಿಲ್ಲ. ಆ ಸಂಜೆ ಅಮ್ಮ ಪಾತ್ರ ಮಾಡುತ್ತಲೂ ಇದ್ದರು, ನಿಜವಾಗಿ ಕೇಳುತ್ತಲೂ ಇದ್ದರು. ಕಾರಿನ ಬಳಿ ಕೇಳಿದ್ದೂ ತಮಾಷೆಯಲ್ಲ.

ಈಗ ಪೇಟಿ ಸಾಹೇಬರೂ ಇಲ್ಲ. ಆ ಕೊನೆಯ ಹಾಡು ಹೇಗೆ ಶುರುವಾಗುತ್ತಿತ್ತು ಎಂದು ಹೇಳುವ ಒಂದು ಜೀವವೂ ಉಳಿದಿಲ್ಲ. ನನ್ನ ಹತ್ತಿರ ಉಳಿದಿರುವುದು ಆ ಹಾಡಿಗೆ ಮುಂಚಿನ ಒಂದು ಉಸಿರು, ಮತ್ತು ಈ ಚೀಟಿ. ಕೇಳಿದವರಿಗೆಲ್ಲ ನಾನು “ಅಮ್ಮಾ, ದಯವಿಟ್ಟು” ಎಂದೇ ಬರೆದಿದ್ದೆ ಎಂದು ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಅಮ್ಮಾ ಎಂದಿಲ್ಲ, ದಯವಿಟ್ಟೂ ಇಲ್ಲ. ಬೋರ್ಡಿನ ಮೇಲೆ ಬರೆಯುವ ನನ್ನ ಅದೇ ದುಂಡು ಅಕ್ಷರ. ತಂಗಿಯ ಮಗಳು ಹೋದ ಮೇಲೆ ಬಾಗಿಲು ಹಾಕಿಕೊಂಡು, ಅಮ್ಮಾ, ಗಟ್ಟಿಯಾಗಿ ಓದಿದೆ:

“ಗೆಸ್ಟ್ ಬಂದರು. ಸಾಕು ಮಾಡಿ.”