ಚೆಲ್ಲೋ ಜಾರಿದ ನೆಲ

ಸಂಗೀತ ಸಭಾಂಗಣದವರು ನೆಲ ಒರೆಸುವ ಹೆಂಗಸೊಬ್ಬಳಿಗೆ ಒಂದು ದಿನದ ಕೂಲಿ ಕೊಡಬೇಕು. ಇನ್ನೂ ಕೊಟ್ಟಿಲ್ಲ. ಅದನ್ನು ಯಾಕೆ ಹಿಡಿದುಕೊಂಡರು ಅನ್ನುವುದು ಅವಳ ಮಗಳ ಕಥೆ.

ಮಗಳು ಚೆಲ್ಲೋ ನುಡಿಸುತ್ತಾಳೆ. ಪಿಟೀಲಿನ ದೊಡ್ಡಣ್ಣನಂಥ ವಾದ್ಯ. ಮಂಡಿಗಳ ನಡುವೆ ಅವುಚಿಕೊಂಡು, ಬುಡದ ಉಕ್ಕಿನ ಮೊನೆಯನ್ನು ನೆಲಕ್ಕೆ ಊರಿ ನುಡಿಸಬೇಕು. ತಾಯಿ ಕುರ್ಚಿಗಳ ಅಡಿ ಗುಡಿಸುವಾಗ ಹುಡುಗಿ ಬಾಗಿಲ ಹಿಂದೆ ನಿಂತು ವಾದ್ಯವೃಂದದ ಅಭ್ಯಾಸ ಕೇಳುತ್ತಿದ್ದಳು. ಮುದಿ ಚೆಲ್ಲೋ ಮೇಷ್ಟ್ರು ಒಂದು ದಿನ, "ಒರಗಿ ಒರಗಿ ಆ ಬಾಗಿಲನ್ನ ಯಾಕೆ ಸವೆಸ್ತೀಯ, ಒಳಗೆ ಬಾ" ಅಂದರು. ಹಾಗೆ ಶುರುವಾಯಿತು. ಮೊದಲ ವರ್ಷವೆಲ್ಲ ಖಾಲಿ ತಂತಿಯ ಮೇಲೆ ಕಮಾನು ಎಳೆದದ್ದೇ ಎಳೆದದ್ದು. ಕೆಳಮನೆಯಾಕೆ ಮೆಟ್ಟಿಲಲ್ಲಿ ತಾಯಿಯನ್ನು ತಡೆದು ಕೇಳಿದಳು:

"ಮಂಚ ಮಾಡಿಸ್ತಿದ್ದೀರೇನ್ರೀ? ದಿನಾ ಗರಗಸದ ಸದ್ದು."

"ಹೂಂ ಕಣಮ್ಮ, ನಿಮಗೂ ಒಂದು ಬೇಕಾ?"

ಬೆರಳ ತುದಿಗಳು ಬೊಬ್ಬೆ ಬಂದು, ಒಡೆದು, ಕಲ್ಲಾದವು. ದೊಡ್ಡ ಹೋಟೆಲಿನ ಮೂಲೆಯಲ್ಲಿ, ಜನ ಸೂಪು ಸೊರಸೊರ ಹೀರುವಾಗ ಅವಳು ನುಡಿಸಿದಳು. ಸಂಬಳದ ಮಾತೆತ್ತಿದರೆ "ಹೆಸರು ಬರುತ್ತಮ್ಮ" ಅನ್ನುತ್ತಿದ್ದರು. ಕಾಳಲ್ಲದ ಈ ಹೆಸರನ್ನು ಕುದಿಸಿ ಯಾರಾದರೂ ಉಂಡದ್ದನ್ನು ನಾನಂತೂ ನೋಡಿಲ್ಲ.

ಕೊನೆಗೆ ಮೇಷ್ಟ್ರು ನಿವೃತ್ತರಾದರು, ವಾದ್ಯವೃಂದದಲ್ಲಿ ಅವರ ಕುರ್ಚಿ ಖಾಲಿಯಾಯಿತು. ಹುಡುಗಿ ಜನರೆದುರು ಒಂಟಿಯಾಗಿ ಒಂದು ಸಂಜೆ ನುಡಿಸಬೇಕು. ಗೆದ್ದರೆ ಕುರ್ಚಿ, ಸೋತರೆ ಮತ್ತೆ ಸೂಪಿನ ಮೂಲೆ. ಮೇಷ್ಟ್ರು ಹೇಳಿಕೊಟ್ಟರು: "ವೇದಿಕೆಯ ಬಲಗಡೆ, ಹಲಗೆಯಲ್ಲಿ ನನ್ನ ಮೊನೆ ಕೊರೆದ ತೂತಿದೆ. ಅದರಲ್ಲಿ ಊರು. ಮಿಕ್ಕಿದ್ದು ಕೈಗೆ ಬಿಡು."

ಈ ಮಾತು ತಾಯಿಯ ಕಿವಿಗೆ ಬಿದ್ದಿರಲಿಲ್ಲ. ಮಗಳ ದೊಡ್ಡ ದಿನ, ವೇದಿಕೆ ಗುಂಡಿಬಿದ್ದು ಕೂತಿದೆ ಅಂತ ಅವಳ ಸಂಕಟ. ಬಡಗಿಯ ಹತ್ತಿರ ಪುಟ್ಟಿ ಬೇಡಿ ತಂದು ಒಂದೊಂದು ತೂತನ್ನೂ ಮುಚ್ಚಿದಳು, ಉಜ್ಜಿದಳು, ಮೇಣ ತಿಕ್ಕಿ ಮುಖ ಕಾಣುವಂತೆ ಮಾಡಿದಳು. ವ್ಯವಸ್ಥಾಪಕನೂ "ನೆಲ ಅಂದರೆ ಇದು" ಅಂದ.

ಸಂಜೆ ಮಗಳು ಕೂತು ಮೊನೆಯಿಂದ ತಡಕಿದಳು. ತೂತೇ ಇಲ್ಲ. ಬೇರೆ ದಾರಿಯಿಲ್ಲದೆ ಶುರು ಮಾಡಿದಳು. ಎರಡನೇ ಎಳೆತಕ್ಕೇ ಚೆಲ್ಲೋ ಜನರ ಕಡೆ ಜಾರಿತು. ಮಂಡಿಯಿಂದ ಎಳೆದುಕೊಂಡಳು, ಮತ್ತೆ ಜಾರಿತು. ಅದು ಮುಂದೆ, ಅದರ ಬೆನ್ನಿಗೇ ಕುರ್ಚಿ. ಮೊದಲ ಭಾಗ ಮುಗಿಯುವಷ್ಟರಲ್ಲಿ ವೇದಿಕೆಯ ಅಂಚಿಗೆ ಬಂದಿದ್ದಳು. ಮುಂದಿನ ಸಾಲಿನ ದೊಡ್ಡಮನುಷ್ಯರು ಕಾಲು ಎಳೆದುಕೊಂಡಿದ್ದರು.

ಪಕ್ಕದ ಬಾಗಿಲಲ್ಲಿ ನಿಂತಿದ್ದ ತಾಯಿಗೆ ಆಗ ಹೊಳೆಯಿತು. ಕೆಲಸದ ನೀಲಿ ಕೋಟಿನಲ್ಲೇ ಒಳಗೆ ನುಗ್ಗಿ, ಕುಕ್ಕರಗಾಲಲ್ಲಿ ಕೂತು, ಒದ್ದೆ ಒರೆಸುಬಟ್ಟೆಯನ್ನು ಮಡಚಿ ಮೊನೆಯಡಿ ತುರುಕಿದಳು.

"ತೂತು ಮುಚ್ಚಿದ್ದು ನೀನಾ?" ಮಗಳು ಪಿಸುಗುಟ್ಟಿದಳು.

"ಇನ್ಯಾರು, ನಿಮ್ಮಪ್ಪನಾ? ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿನಗೆ? ನುಡಿಸು."

ನುಡಿಸಿದಳು. ಫಿನಾಯಿಲ್ ವಾಸನೆಯ ಆ ಬಟ್ಟೆ ಅಲುಗಲಿಲ್ಲ, ಮಗಳೂ ಅಲುಗಲಿಲ್ಲ.

ಮರುದಿನದ ಪತ್ರಿಕೆ ಮೊದಲ ಭಾಗದಲ್ಲಿ "ಅಂಚಿಗೆ ಧಾವಿಸುವ ತಳಮಳ" ಕಂಡಿತು. ನೀಲಿ ಕೋಟಿನ ಹೆಂಗಸು ಬಂದದ್ದು "ಶ್ರಮವನ್ನು ಕಲೆಯೊಂದಿಗೆ ಬೆಸೆದ ದಿಟ್ಟ ರಂಗಕಲ್ಪನೆ" ಅಂತೆ. ವ್ಯವಸ್ಥಾಪಕ ಅದನ್ನು ಕತ್ತರಿಸಿ ಗೋಡೆಗೆ ಹಾಕಿದ. ಕೆಲಸದವಳು ಕಾರ್ಯಕ್ರಮದ ನಡುವೆ ವೇದಿಕೆ ಹತ್ತಿದ್ದಕ್ಕೆ ಅವಳ ದಿನಗೂಲಿಯನ್ನೂ ಕತ್ತರಿಸಿದ.

ಕುರ್ಚಿ ಮಗಳದಾಯಿತು. ಕೂರುವ ಮುಂಚೆ ಅವಳು ವ್ಯವಸ್ಥಾಪಕನನ್ನು ಕೇಳಿದ್ದು ಅಮ್ಮನ ಆ ಕೂಲಿಯನ್ನೇ.

"ನಿಂದು ಕಲೆ, ಅಮ್ಮಂದು ನೈರ್ಮಲ್ಯ. ಎರಡನ್ನೂ ಬೆರೆಸಬೇಡ," ಅಂದ ವ್ಯವಸ್ಥಾಪಕ.

"ಪೇಪರಿನವರು ಬೆರೆಸಿದ್ದನ್ನ ಗೋಡೆಗೆ ಹಾಕಿದ್ದೀರಲ್ಲ ಸಾರ್?"

ಅವನಿಗೆ ತಟ್ಟನೆ ಯಾರಿಗೋ ಫೋನು ಮಾಡುವುದು ನೆನಪಾಯಿತು.

ತಾಯಿ ಪುಟ್ಟಿ ಕಿತ್ತು ಮೇಷ್ಟ್ರ ತೂತನ್ನು ಮತ್ತೆ ತೆರೆದಿದ್ದಾಳೆ. ಆದರೂ ಮಗಳು ಒರೆಸುಬಟ್ಟೆ ಹಾಸಿಯೇ ಕೂರುತ್ತಾಳೆ. ಬಾಕಿ ತೀರುವ ತನಕ ತೆಗೆಯುವುದಿಲ್ಲವಂತೆ. ನೀವು ಟಿಕೆಟ್ ಕೊಂಡು ಹೋಗುವವರು, ಆ ಬಟ್ಟೆಯಲ್ಲಿ ಗೂಢಾರ್ಥ ಹುಡುಕುತ್ತಾ ಕೂರಬೇಡಿ. ನೇರ ವ್ಯವಸ್ಥಾಪಕನ ಕೋಣೆಗೆ ನಡೆಯಿರಿ. ಆ ಹೆಂಗಸಿನ ಕೂಲಿ ಕೊಟ್ಟೆಯಾ ಅಂತ ಕೇಳಿ. ಇಲ್ಲ ಅಂದರೆ ಚಪ್ಪಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಅವನ ಬಾಗಿಲಲ್ಲೇ ನಿಲ್ಲಿ.