ಬೋರ್ಡಿನ ಹಿಂಬದಿಯ ಹೆಸರು

ಮೂಡುಬಿದಿರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೆಯ ಮನೆಯೊಂದರ ಚಾವಡಿಯಲ್ಲಿ ಬಿದಿರಿನ ಏಣಿಯ ಮೇಲೆ ನಿಂತು ರುಕ್ಮಯ್ಯ ವಯರು ಕೀಳುತ್ತಿದ್ದಾರೆ. ವಯರನ್ನು ಮುಚ್ಚಿದ್ದ ಮರದ ಪಟ್ಟಿಯನ್ನು ಉಳಿಯಿಂದ ಎಬ್ಬಿಸಿದರೆ ಗೆದ್ದಲ ಮಣ್ಣು ಅವರ ಮುಖದ ಮೇಲೆ ಸುರಿಯುತ್ತದೆ. ಹದಿನಾರು ವರ್ಷ ಹಳೆಯ ರಬ್ಬರು ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಇಡೀ ಮನೆಗೆ ಹೊಸ ವಯರು ಬೇಕು.

"ಅಮ್ಮಾ, ಮೈನ್ ತೆಗೆದಿದ್ದೇನೆ. ಮಕ್ಕಳು ಸ್ವಿಚ್ಚು ಮುಟ್ಟಿದ್ರೂ ಹೆದರ್ಲಿಕ್ಕಿಲ್ಲ," ಎಂದು ಮನೆಯ ಯಜಮಾನಿಗೆ ಏಣಿಯಿಂದಲೇ ಹೇಳುತ್ತಾರೆ.

ಇವರಿಗೆ ನಲವತ್ತಮೂರು. ಊರು ಬೆಳ್ತಂಗಡಿಯ ಹತ್ತಿರ. ಬಂಟ್ವಾಳಕ್ಕೆ ಕರೆಂಟಿನ ಕಂಬ ಬಂದಾಗ ಹೊರಲು ಹೆಗಲು ಕೊಟ್ಟವರು. ಲೈನ್‌ಮನ್ನರ ಕೈ ನೋಡಿ ನೋಡಿ ಕೆಲಸ ಕಲಿತರು. ಈ ಮೂರು ಪೇಟೆಗಳ ಸುತ್ತ ಇವರು ಬೆಳಗಿಸಿದ ಮನೆಗಳು ಇನ್ನೂರ ಹನ್ನೆರಡು. ಒಂದೇ ಒಂದು ಮನೆಯ ಕಾಗದದಲ್ಲೂ ಇವರ ಹೆಸರಿಲ್ಲ.

ನಿಯಮ ಹೀಗಿದೆ. ಇಡೀ ಮನೆಯ ವಯರಿಂಗ್ ಬದಲಿಸಬೇಕಾದರೆ ವಿದ್ಯುತ್ ಕಚೇರಿಗೆ ಮೊದಲೇ ಅರ್ಜಿ ಹಾಕಬೇಕು. ಲೈಸೆನ್ಸ್ ಇರುವ ಕಂಟ್ರಾಕ್ಟರು, ಪರ್ಮಿಟ್ ಇರುವ ವಯರ್‌ಮನ್‌ನಿಂದ ಕೆಲಸ ಮಾಡಿಸಿ, ತಾನೇ ಪರೀಕ್ಷಿಸಿ ಸಹಿ ಹಾಕಬೇಕು. ಆಮೇಲೆ ಅಧಿಕಾರಿ ಬಂದು ನೋಡಿ ಕರೆಂಟು ಕೊಡಬೇಕು. ನಿಯಮದಲ್ಲಿ ಊನವಿಲ್ಲ. ಆದರೆ ಕಂಟ್ರಾಕ್ಟರು ಕೂತಿರುವುದು ಮಂಗಳೂರಿನಲ್ಲಿ. ಹತ್ತು ಖಾಲಿ ಫಾರಮುಗಳಿಗೆ ಒಮ್ಮೆಲೇ ಸಹಿ ಗೀಚಿ ಬಸ್ಸಿನಲ್ಲಿ ಕಳುಹಿಸುತ್ತಾರೆ. ಉಳಿದದ್ದನ್ನೆಲ್ಲ ತುಂಬಿಸುವವರು ರುಕ್ಮಯ್ಯ.

"ನಮ್ಮ ಕಂಟ್ರಾಕ್ಟರ್ ಧನಿಗಳು ಮೂಡುಬಿದಿರೆ ನೋಡಿದ್ದಾರಾ ಅಂತಲೇ ನನಗೆ ಸಂಶಯ ಉಂಟು," ಎನ್ನುತ್ತಾರೆ. ನಗುವುದಿಲ್ಲ.

ಹಾಗಾದರೆ ಪರ್ಮಿಟ್ ಮಾಡಿಸಿಕೊಳ್ಳಬಾರದೇ? ಅದಕ್ಕೆ ಪರೀಕ್ಷೆಗೆ ಕೂರಬೇಕು. ಕೂರಲು, 'ಇವನು ನನ್ನ ಕೈಕೆಳಗೆ ದುಡಿದವನು' ಎಂದು ಅದೇ ಕಂಟ್ರಾಕ್ಟರು ಪತ್ರ ಕೊಡಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ. "ಒಂಬತ್ತು ವರ್ಷದಿಂದ ಕೇಳ್ತಾ ಇದ್ದೇನೆ. ನಿನಗೆ ಪರ್ಮಿಟ್ ಸಿಕ್ಕಿದ್ರೆ ನನ್ನ ಫಾರಮು ತುಂಬಿಸುವವ ಯಾರು ಮಾರಾಯ, ಅಂತಾರೆ."

ಹೆಸರಿನ ಆಸೆ ಇವರಿಗೂ ಇತ್ತು. ಸ್ವಿಚ್ಚಿನ ಮರದ ಬೋರ್ಡನ್ನು ಗೋಡೆಗೆ ಕೂರಿಸುವ ಮೊದಲು ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ತಾರೀಕು ಬರೆಯುತ್ತಿದ್ದರು. ಯಾರೂ ನೋಡದ ಜಾಗ ಅದು. ಅಷ್ಟರಲ್ಲೇ ಅವರಿಗೆ ತೃಪ್ತಿ.

ಮೂರು ವರ್ಷದ ಹಿಂದೆ, ಇವರೇ ವಯರಿಂಗ್ ಮಾಡಿದ್ದ ಬಂಟ್ವಾಳದ ಕಡೆಯ ಒಂದು ಮನೆಯಲ್ಲಿ ದೈವದ ಕೋಲ. ಮನೆಯವರು ಅಂಗಳಕ್ಕೆಲ್ಲ ಬಲ್ಬಿನ ಮಾಲೆ ಎಳೆದಿದ್ದರು. ಭಾರ ತಾಳದೆ ಫ್ಯೂಸ್ ಎರಡು ಸಲ ಹೋಯಿತು. ದೈವದ ಎದುರು ದೀಪ ಆರಿದರೆ ಅಪಶಕುನವೆಂದು ಹೆದರಿದ ಯಜಮಾನರು, ಫ್ಯೂಸಿನ ಎಳೆಯ ಬದಲು ದಪ್ಪ ತಾಮ್ರದ ತಂತಿಯನ್ನೇ ಸುತ್ತಿಬಿಟ್ಟರು. ದೀಪ ಆರಲಿಲ್ಲ, ವಯರು ಕಾದು ಮನೆಯ ಚಾವಣಿಗೆ ಬೆಂಕಿ ಹಿಡಿಯಿತು. ಪುಣ್ಯಕ್ಕೆ ಜೀವ ಹೋಗಲಿಲ್ಲ.

ತನಿಖೆಗೆ ಬಂದ ಅಧಿಕಾರಿ ಅರೆ ಸುಟ್ಟ ಬೋರ್ಡನ್ನು ಮಗುಚಿ ನೋಡಿದರು. ಹೆಸರು ಸುಟ್ಟಿರಲಿಲ್ಲ. ಕಂಟ್ರಾಕ್ಟರು, "ನನಗೆ ಗೊತ್ತಿಲ್ಲದೆ ಅವ ಕೈ ಹಾಕಿದ್ದು," ಎಂದರು. ತಂತಿ ಸುತ್ತಿದ ಯಜಮಾನರು ತುಟಿ ಬಿಚ್ಚಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪರ್ಮಿಟ್ ಇಲ್ಲದೆ ಕೆಲಸ ಮಾಡಿದವನೆಂದು ಇವರ ಹೆಸರು ಕಚೇರಿಯ ಫೈಲಿಗೆ ಸೇರಿತು. ಇನ್ನೊಮ್ಮೆ ಸಿಕ್ಕಿಬಿದ್ದರೆ ಕೇಸು ಹಾಕುತ್ತೇವೆಂದು ಎಚ್ಚರಿಕೆಯನ್ನೂ ಕೊಟ್ಟರು. ಮರುವಾರವೇ ಮಂಗಳೂರಿನಿಂದ ಮತ್ತೆ ಹತ್ತು ಸಹಿ ಬಂದವು. ಪತ್ರಿಕೆಗೆ ಬರೆಯಲು ಬಂದ ನನಗೆ ಇದನ್ನು ಕೇಳಿ ಮೈಯೆಲ್ಲ ಉರಿಯಿತು. ರುಕ್ಮಯ್ಯನವರಿಗೆ ಉರಿಯುವುದು ಯಾವಾಗಲೋ ನಿಂತಿದೆ.

"ಇನ್ನೂರ ಹನ್ನೆರಡರಲ್ಲಿ ಒಂದು ಮನೆ ಸುಟ್ಟಿತು. ಸರ್ಕಾರಕ್ಕೆ ನಾನು ಗೊತ್ತಾದದ್ದು ಆ ಒಂದರಿಂದ," ಎನ್ನುತ್ತಾ ಹೊಸ ಬೋರ್ಡಿಗೆ ತಿರುಪು ಬಿಗಿಯುತ್ತಾರೆ. ಹಿಂಬದಿ ಖಾಲಿ.

ನಾನು ಹೊರಡುವಾಗ ಅಂಗಳದವರೆಗೂ ಹಿಂದೆ ಬಂದರು. "ಪೇಪರಿನಲ್ಲಿ ನನ್ನ ಹೆಸರು ಹಾಕ್ಬೇಡಿ ಮಾರಾಯ್ರೆ. ಅನ್ನ ಹೋಗ್ತದೆ."

ಹಾಗಾಗಿ ಓದುಗರು ಕ್ಷಮಿಸಬೇಕು. ರುಕ್ಮಯ್ಯ ಎಂಬುದು ನಾನು ಇಟ್ಟ ಹೆಸರು. ಅದನ್ನು ಅವರಿಗೂ ಹೇಳಿದೆ. ಒಂದೆರಡು ಸಲ ಬಾಯಲ್ಲೇ ಅಂದು ನೋಡಿಕೊಂಡರು.

"ಅಡ್ಡಿಯಿಲ್ಲ," ಎಂದರು. "ಆ ರುಕ್ಮಯ್ಯನಿಗಾದರೂ ಪರ್ಮಿಟ್ ಉಂಟು ಅಂತ ಬರೀರಿ."