ಏಡಿ ಅಕ್ಕೋರ ನೀಲಿ ತಾಟುಗಳು

ಗಂಗಾವತಿಯ ಹೊಸ ಹೋಟೆಲೊಂದರಲ್ಲಿ ಮೊನ್ನೆ ನನ್ನ ಮುಂದೆ ಊಟದ ತಾಟು ಬಂತು. ಬಿಳಿಯ ಮೇಲೆ ನೀಲಿ ಏಡಿ, ಬಲೆ, ದೋಣಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು. ಸುತ್ತ ಕೂತವರು ಅದರ ಫೋಟೊ ತೆಗೆಯುತ್ತಿದ್ದರು. ನಾನು ತಾಟನ್ನು ಪಕ್ಕಕ್ಕೆ ಸರಿಸಿದೆ. ಇದೇ ಸೀಮೆಯ ಜನ ಇಂಥದೇ ತಾಟು ಕಂಡು ಓಕರಿಸಿದ್ದು ನೆನಪಾಯಿತು...

ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಕುಷ್ಟಗಿಯ ಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿಯಾಗಿದ್ದೆ. ಅಂಕೋಲಾ ಕಡೆಯಿಂದ ಡ್ರಾಯಿಂಗ್ ಕಲಿಸುವ ಅಕ್ಕೋರು ನಮ್ಮ ಶಾಲೆಗೆ ವರ್ಗವಾಗಿ ಬಂದು ನಮ್ಮ ವಠಾರದಲ್ಲೇ ಮನೆ ಹಿಡಿದರು. ಒಂಟಿ ಹೆಣ್ಣುಮಗಳು. ಹಿತ್ತಲ ತಗಡಿನ ಶೆಡ್ಡಿನಲ್ಲಿ ಪುಟ್ಟ ಕರೆಂಟಿನ ಭಟ್ಟಿ ಇಟ್ಟುಕೊಂಡು ಭಾನುವಾರ ಪಿಂಗಾಣಿ ತಾಟು, ಬಟ್ಟಲುಗಳ ಮೇಲೆ ಚಿತ್ರ ಬರೆದು ಸುಡುತ್ತಿದ್ದರು. ಬಳಿಯುವಾಗ ಮಸಿಯಂತಿದ್ದ ಬಣ್ಣ ಸುಟ್ಟು ಬಂದಾಗ ನೀಲಿಯಾಗಿರುತ್ತಿತ್ತು. "ನಮ್ಮ ಕಡಲು ಇಷ್ಟು ನೀಲಿ ಇಲ್ಲ. ಊರು ಬಿಟ್ಟು ಬಂದ ಮೇಲೆ ಹೀಗೆ ಕಾಣ್ತದೆ" ಎಂದಿದ್ದರು ಒಮ್ಮೆ.

ವಠಾರದ ಮಾಲೀಕರು ಕಾಳಿನ ವ್ಯಾಪಾರಿ, ಮೀನು-ಮಾಂಸ ಮುಟ್ಟದ ಮಡಿವಂತರು. ಅವರ ಮಗಳ ಕುಬಸಕ್ಕೆಂದು ಅಕ್ಕೋರು ತಿಂಗಳುಗಟ್ಟಲೆ ಕೂತು ತಾಟುಗಳನ್ನು ಮಾಡಿಕೊಟ್ಟರು. ಬಸುರಿಯನ್ನು ಕೂರಿಸಿ ಆರತಿ ಮಾಡಿ, ಎಲ್ಲರಿಗೂ ಅವುಗಳಲ್ಲೇ ಹೋಳಿಗೆ ಬಡಿಸಿದರು.

"ಎಷ್ಟ ಛಂದ ಹೂವ ತಗದೀರಿ, ಅಕ್ಕೋರ" ಎಂದು ಹೊಗಳಿಕೆ ನಡೆದಿತ್ತು. ಅಷ್ಟರಲ್ಲಿ ಹೋಳಿಗೆ ಮುಗಿಸಿದ ಮುದುಕಿಯೊಬ್ಬಳು ತಾಟನ್ನು ಕಣ್ಣ ಹತ್ತಿರ ಹಿಡಿದಳು.

"ಹೂವಿಗೆ ಕಾಲ ಇರತಾವೇನ?"

"ಅದು ಏಡಿ, ಅಜ್ಜಿ. ನಮ್ಮೂರ ಮರಳಲ್ಲಿ ಓಡಾಡ್ತಾವೆ" ಎಂದು ಅಕ್ಕೋರು ನಕ್ಕರು.

ಒಬ್ಬಾಕೆ ಅಲ್ಲೇ ವಾಂತಿ ಮಾಡಿಕೊಂಡಳು. ಉಳಿದವರು ಬಾಯಿ ಮುಕ್ಕಳಿಸಲು ಎದ್ದರು. "ಬಸುರಿ ಮುಂದ ಹುಳ ಇಟ್ಟೀರಲ್ರಿ" ಎಂದು ಮಾಲೀಕರ ಹೆಂಡತಿ ಹೋಳಿಗೆ ಸಮೇತ ತಾಟುಗಳನ್ನು ತಿಪ್ಪೆಗೆ ಎಸೆಸಿದರು. ಅಕ್ಕೋರು ಸೀರೆ ಎತ್ತಿಕಟ್ಟಿ ತಿಪ್ಪೆಗಿಳಿದರು. ನಾನೂ ಇಳಿದೆ. ಸಗಣಿ, ತುಪ್ಪ, ನೊಣ... ಚೂರುಗಳನ್ನು ಹೆಕ್ಕಿ ತೊಳೆಯಲು ಹೋದರೆ, ನಳ ಮುಟ್ಟಬೇಡಿ ಎಂದು ಮನೆಯವರು ತಡೆದರು. ಆ ಮನೆಯ ನೀರು, ಹೋಳಿಗೆ, ಮಡಿ ಎಲ್ಲದರ ಮೇಲೂ ಅಂದು ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ವಾರದೊಳಗೆ ಮಾಲೀಕರೇ ಅಕ್ಕೋರ ಬಾಗಿಲಿಗೆ ಬಂದರು.

"ಆಗಿದ್ದು ಆಗಿ ಹೋತು. ಬೀಗರಿಗೆ ಕೊಡಾಕ ಒಂದಿಷ್ಟು ತಾಟ ಬೇಕಾಗ್ಯಾವ. ಏಡಿ ಬ್ಯಾಡ, ನವಿಲ ತಗೀರಿ."

ನಾನು ಪಕ್ಕದಲ್ಲೇ ಇದ್ದೆ. ಆ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

"ನವಿಲಿಗೂ ಕಾಲಿರ್ತಾವಲ್ಲ, ಸಾಹುಕಾರ್ರೆ" ಎಂದು ಅಕ್ಕೋರು ಬಾಗಿಲು ಹಾಕಿಕೊಂಡರು.

ಅದಕ್ಕೇ ಅವರನ್ನು ಮನೆ ಬಿಡಿಸಿದರು. ಅಷ್ಟರಲ್ಲಿ 'ಏಡಿ ಅಕ್ಕೋರು' ಎಂಬ ಹೆಸರು ಊರ ತುಂಬ ಹಬ್ಬಿ ಎಲ್ಲೂ ಬಾಡಿಗೆಗೆ ಮನೆ ಸಿಗಲಿಲ್ಲ. ನಾನೂ ವಠಾರ ಬಿಟ್ಟೆ. ನನ್ನ ಹೆಸರಿನಲ್ಲಿ ಹಿಡಿದ ಒಂದೇ ಕೋಣೆಯಲ್ಲಿ ಇಬ್ಬರೂ ಇದ್ದೆವು. ಅಲ್ಲಿ ಭಟ್ಟಿಗೆ ಜಾಗವಿರಲಿಲ್ಲ. ಮಾಲೀಕರು ಅದನ್ನು ಗುಜರಿಗೆ ಹಾಕಿದರಂತೆ... ಉಳಿದಿದ್ದ ಕೆಲವು ತಾಟುಗಳನ್ನು ಪೆಟ್ಟಿಗೆಗೆ ತುಂಬಿಕೊಂಡು, ಮರುವರ್ಷ ಅಕ್ಕೋರು ವರ್ಗ ಮಾಡಿಸಿಕೊಂಡು ಊರಿಗೆ ಹೋದರು.

ಮೊನ್ನೆ ಹೋಟೆಲಿನಿಂದ ಬಂದವಳೇ ಅವರ ಹಳೆಯ ನಂಬರಿಗೆ ಫೋನ್ ಮಾಡಿದೆ. ಅವರ ತಂಗಿ ಎತ್ತಿಕೊಂಡರು. ಅಕ್ಕೋರು ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಅವರು ಮಾಡಿದ ಒಂದು ತಾಟು ನನಗೆ ಕೊಡುತ್ತೀರಾ ಎಂದು ಕೇಳಿದೆ.

"ಒಂದೂ ಇಲ್ಲ ಮಾರಾಯ್ರೆ" ಎಂದರು ಆಕೆ. "ಬಂದ ವರ್ಷವೇ ಪೆಟ್ಟಿಗೆ ತಕೊಂಡು ಹೋಗಿ ಎಲ್ಲಾ ಕಡಲಿಗೆ ಹಾಕಿದ್ಲು. ಆಮೇಲೆ ಕಡೇವರೆಗೂ ಸ್ಟೀಲ್ ತಾಟಲ್ಲೇ ಉಂಡಿದ್ದು."